ಒಂದೇ ಕಡೆ ಕಾಣುವ ಕ್ಯಾಮರಾ

ಅಂಬಲಮುಗಳ್, ಕೊಚ್ಚಿ
ಸೋಮವಾರ, 5 ಜೂನ್ 2006

ಶ್ರೀ ಇರ್ಫಾನ್ ಅವರಿಗೆ,

ಹತ್ತು ತಿಂಗಳ ಹಿಂದೆ ನೀವು ನನ್ನ ಮಗಳು ತನ್ವಿಯನ್ನು ಮದುವೆಯಾದಿರಿ ಎಂಬುದನ್ನು ಬಿಟ್ಟರೆ ನಿಮಗೂ ನನಗೂ ಪರಿಚಯವಿಲ್ಲ. ಈ ಪತ್ರ ಆ ವಿಷಯಕ್ಕಲ್ಲ, ಕಂಪ್ಯೂಟರಿನ ವಿಷಯಕ್ಕೆ. ಎರಡನ್ನೂ ಬೆರೆಸಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ನೀವು ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುತ್ತೀರಿ ಎಂದು ನನ್ನ ಹೆಂಡತಿ ರತ್ನ ಹೇಳಿದಳು. ಅವಳಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ನಾನು ಡ್ಯೂಟಿಗೆ ಹೋದ ಮೇಲೆ ಪ್ರತಿ ಬುಧವಾರ ಮಗಳಿಗೆ ಫೋನ್ ಮಾಡುತ್ತಾಳೆ. ಅದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ. ಅಂದುಕೊಂಡಿರಲಿ.

ನಮ್ಮ ಮನೆಯ ಕಂಪ್ಯೂಟರ್ 1999ರದು. ತನ್ವಿ ಇಂಜಿನಿಯರಿಂಗಿಗೆ ಸೇರಿದಾಗ ತಂದದ್ದು. ಸೆಲೆರಾನ್ ಪ್ರೊಸೆಸರ್, ಅರವತ್ತನಾಲ್ಕು ಎಂಬಿ ರ‍್ಯಾಮ್, ವಿಂಡೋಸ್ 98. ನಾನು ಇಲ್ಲಿಯ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದವನು. ಆ ವರ್ಷ ಪ್ಲಾಂಟು ನಿಲ್ಲಿಸಿ ರಿಪೇರಿ ಮಾಡಿದ ಶಟ್‌ಡೌನಿನಲ್ಲಿ ನಲವತ್ತು ದಿನ ಓವರ್‌ಟೈಮ್ ಮಾಡಿ ಅದನ್ನು ತಂದೆ. ಈಗ ಸ್ವಿಚ್ ಹಾಕಿ ಸ್ನಾನ ಮುಗಿಸಿ ಬಂದರೂ ಅದು ಎದ್ದಿರುವುದಿಲ್ಲ.

ರತ್ನ ಹತ್ತು ತಿಂಗಳಿಂದ ಮಗಳ ಮುಖ ನೋಡಿಲ್ಲ. ನಾನು ಜೊತೆಗೆ ಬಾರದೆ ತಾನು ನಿಮ್ಮ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ನಾನು ಬರುವುದಿಲ್ಲ. ಆದ್ದರಿಂದ ಟೆಲಿಫೋನ್ ಇಲಾಖೆಯವರಿಂದ ಬ್ರಾಡ್‌ಬ್ಯಾಂಡ್ ಹಾಕಿಸಿದ್ದೇನೆ. ಕಂಪ್ಯೂಟರಿನಲ್ಲಿ ಮುಖ ಕಾಣುವ ಕ್ಯಾಮರಾ ಇರುತ್ತದಂತಲ್ಲ, ಅದು ನಮ್ಮ ಯಂತ್ರದಲ್ಲಿ ನಡೆಯುವಂತೆ ಮಾಡಲು ಏನೇನು ಬದಲಾಯಿಸಬೇಕು ತಿಳಿಸಿ.

ಒಂದು ಷರತ್ತು. ಅಲ್ಲಿಂದ ಇಲ್ಲಿಗೆ ಕಂಡರೆ ಸಾಕು, ಕೇಳಿದರೆ ಸಾಕು. ಇಲ್ಲಿಂದ ಅಲ್ಲಿಗೆ ಕಾಣುವುದೂ ಬೇಡ, ಕೇಳುವುದೂ ಬೇಡ. ನಮ್ಮ ಕುಲುಮೆಯ ಉರಿಯನ್ನು ಕಂಟ್ರೋಲ್ ರೂಮಿನಲ್ಲಿ ಕೂತು ಕ್ಯಾಮರಾದಲ್ಲಿ ನೋಡುತ್ತೇವೆ. ಉರಿ ನಮ್ಮನ್ನು ನೋಡಬೇಕಾಗಿಲ್ಲ.

ಫೋನ್ ಮಾಡಬೇಡಿ. ಪ್ಲಾಂಟಿನಲ್ಲಿ ವರ್ಕ್ ಪರ್ಮಿಟ್ ಇಲ್ಲದೆ ಯಾರೂ ಒಂದು ನಟ್ಟು ಮುಟ್ಟುವ ಹಾಗಿಲ್ಲ. ಏನು ಕೆಲಸ, ಏನನ್ನು ಮೊದಲು ಬಂದ್ ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು, ಎಲ್ಲ ಕಾಗದದ ಮೇಲೆ ಬರೆದು, ಕೊಡುವವನೂ ಮಾಡುವವನೂ ಸಹಿ ಹಾಕಬೇಕು. ಮೂವತ್ತೆರಡು ವರ್ಷ ಹಾಗೆಯೇ ಕೆಲಸ ಮಾಡಿದ್ದೇನೆ. ಮನೆಯಲ್ಲೂ ಅದೇ. ನೀವು ಬರೆದು ಕಳಿಸಿ, ನಾನು ಮಾಡುತ್ತೇನೆ.

ಎಂ. ಜಯಣ್ಣ


ಕಳಕ್ಕೂಟಂ, ತಿರುವನಂತಪುರ
12 ಜೂನ್ 2006

ಜಯಣ್ಣ ಸರ್‌ಗೆ,

ನಿಮ್ಮ ಪತ್ರ ತಲುಪಿತು. ಆಫೀಸಿನ ವಿಳಾಸಕ್ಕೆ ಕಾಗದ ಬಂತೆಂದು ಇಡೀ ಫ್ಲೋರ್ ನನ್ನ ಮೇಜಿನ ಸುತ್ತ ನೆರೆದಿತ್ತು. ಲಕೋಟೆ ಕಂಡು ಎಷ್ಟು ವರ್ಷವಾಯಿತೋ ಇಲ್ಲಿಯವರು!

ಆ ಪತ್ರವನ್ನು ತನ್ವಿಗೆ ತೋರಿಸಬೇಕೋ ಬೇಡವೋ ಎಂದು ನೀವು ಬರೆದಿರಲಿಲ್ಲ. ಬೇಡ ಎಂದಿಲ್ಲವಲ್ಲ ಎಂದು ತೋರಿಸಿದೆ. ಅವಳು ಓದುವ ಮೊದಲೇ, "ಅಪ್ಪನ ಅಕ್ಷರ! ಫುಲ್‌ಸ್ಟಾಪ್ ನೋಡು, ಮೊಳೆ ಹೊಡೆದಂಗೆ" ಎಂದಳು. ಓದಿದ ಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದಳು. ಆ ದಿನ ಸಾರಿಗೆ ಈರುಳ್ಳಿ ಬೇಕಿರಲಿಲ್ಲ.

ಕಂಪ್ಯೂಟರಿನ ಮಾತಿಗೆ ಬರುತ್ತೇನೆ. ಏಳು ವರ್ಷದ ಯಂತ್ರ ಎಂದರೆ ನಮ್ಮ ಲೆಕ್ಕದಲ್ಲಿ ಅಜ್ಜ. ಹೊಸದನ್ನು ತೆಗೆದುಕೊಳ್ಳಿ ಎಂದು ಯಾರಾದರೂ ಹೇಳುತ್ತಾರೆ, ನಾನೂ ಹೇಳಬೇಕು, ಹೇಳಿದೆ. ನೀವು ಒಪ್ಪುವುದಿಲ್ಲ ಎಂದು ತನ್ವಿ ಪಂದ್ಯ ಕಟ್ಟಿದ್ದಾಳೆ. ಅಜ್ಜನನ್ನೇ ಎಬ್ಬಿಸಬೇಕೆಂದರೆ ರ‍್ಯಾಮ್ ಹೆಚ್ಚಿಸಬೇಕು, ಬ್ರಾಡ್‌ಬ್ಯಾಂಡಿಗೆ ಒಂದು ಲ್ಯಾನ್ ಕಾರ್ಡ್ ಹಾಕಬೇಕು, ವಿಂಡೋಸ್ 98 ತೆಗೆದು ಎಕ್ಸ್‌ಪಿ ಹಾಕಬೇಕು. ಬೋರ್ಡಿನ ಮೇಲೆ ಬರೆದಿರುವ ನಂಬರ್ ಕಳಿಸಿದರೆ ಅದಕ್ಕೆ ಹೊಂದುವ ರ‍್ಯಾಮ್ ಹುಡುಕುತ್ತೇನೆ.

ಒಂದೇ ಕಡೆ ಕಾಣುವ ಕ್ಯಾಮರಾ ಎಂಬುದು ಅಂಗಡಿಯಲ್ಲಿ ಸಿಗುವುದಿಲ್ಲ ಸರ್. ಆದರೆ ಮಾಡುವುದು ಸುಲಭ. ನಮ್ಮ ಮನೆಯಲ್ಲಿ ಕ್ಯಾಮರಾ, ಮೈಕ್ ಇಡುತ್ತೇವೆ. ನಿಮ್ಮ ಮನೆಯಲ್ಲಿ ಎರಡನ್ನೂ ಇಡದಿದ್ದರೆ ಆಯಿತು. ನೀವು ಹೇಳಿದ ಹಾಗೆಯೇ ಆಗುತ್ತದೆ. ಆದರೂ ಒಂದು ಮೈಕನ್ನಾದರೂ ಜೊತೆಗೆ ಕಳಿಸಲೇ? ತೀರ ಸಣ್ಣದು, ಬೆರಳಿನಷ್ಟು.

ನಮ್ಮದು ಹುಬ್ಬಳ್ಳಿ. ನಮ್ಮ ಅವ್ವ ಫೋನಿನಲ್ಲಿ ನಿಮ್ಮ ಪತ್ರದ ಸುದ್ದಿ ಕೇಳಿ, "ಬರದಾರಲ್ಲ, ಅಷ್ಟ ಸಾಕಪ್ಪ. ಬೈದು ಬರದ್ರೂ ಬರದಂಗ" ಎಂದರು. ನೀವು ಬೈದಿಲ್ಲ ಎಂದು ಹೇಳಿದ್ದೇನೆ.

ವಿಧೇಯ,
ಇರ್ಫಾನ್


ಅಂಬಲಮುಗಳ್
19 ಜೂನ್ 2006

ಇರ್ಫಾನ್ ಅವರಿಗೆ,

ಬೋರ್ಡಿನ ನಂಬರ್ ಬೇರೆ ಚೀಟಿಯಲ್ಲಿದೆ. ಟಾರ್ಚು ಮತ್ತು ಭೂತಗನ್ನಡಿ ಹಿಡಿದು ಮೂರು ಸಲ ಓದಿ ಬರೆದದ್ದು, ತಪ್ಪಿರುವುದಿಲ್ಲ. ಹೊಸ ಕಂಪ್ಯೂಟರ್ ಬೇಡ. ಮಗಳು ಪಂದ್ಯ ಗೆದ್ದಳು ಎಂದು ತಿಳಿಸಿ.

ಮೈಕ್ ಬೇಡ. ಬೆರಳಿನಷ್ಟಿದ್ದರೂ ಬೇಡ. ಎಲ್ಲರೂ ಕೇಳಿದ್ದನ್ನೇ ನೀವೂ ಮನಸ್ಸಿನಲ್ಲಿ ಕೇಳುತ್ತಿದ್ದೀರಿ, ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಜಾತಿ ಮತ ನನ್ನನ್ನು ಒಂದು ವಾರ ನಿದ್ದೆಗೆಡಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅದು ಹೋಯಿತು. ಹೋಗದೆ ಉಳಿದದ್ದು ಬೇರೆ. ಮದುವೆಯ ನೋಟಿಸನ್ನು ಇಲ್ಲಿಯ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿಗೂ ಹಚ್ಚಿದ್ದರು. ಅದನ್ನು ನೋಡಿದವನು ನಮ್ಮ ವಿಭಾಗದ ಈಶ್ವರ. ಕ್ಯಾಂಟೀನಿನಲ್ಲಿ ಊಟದ ತಟ್ಟೆ ಹಿಡಿದುಕೊಂಡು, ನಾಲ್ಕು ಜನರೆದುರು, "ಜಯಣ್ಣಾ, ಮಗಳ ಮದ್ವೆಯಂತೆ, ನಮ್ಗೆ ಹೇಳ್ಲೇ ಇಲ್ವಲ್ಲ?" ಎಂದ. ನನಗೆ ಯಾರು ಹೇಳಿದ್ದರು? ತನ್ವಿ ಹೇಳಿದ್ದು ಅದರ ಮೂರು ದಿನದ ಮೇಲೆ. ಹುಟ್ಟಿದಾಗಿನಿಂದ ಪೆನ್ಸಿಲ್ ಕೊಳ್ಳಲೂ ನನ್ನನ್ನು ಕೇಳಿದವಳು. ಇಷ್ಟೇ ವಿಷಯ. ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ.

ರ‍್ಯಾಮಿನ ಜೊತೆ ಕೆಲಸದ ವಿವರ ಬರೆದು ಕಳಿಸಿ. ಪ್ಲಾಂಟಿನ ಸ್ಟೋರಿನಲ್ಲಿ ಹಳೆಯ ಭಾಗ ವಾಪಸ್ ಕೊಟ್ಟರೆ ಮಾತ್ರ ಹೊಸದು ಸಿಗುತ್ತದೆ. ನಾನೂ ತೆಗೆದ ಭಾಗವನ್ನು ನಿಮಗೆ ವಾಪಸ್ ಕಳಿಸುತ್ತೇನೆ.

ಎಂ. ಜಯಣ್ಣ

(ನಾನು ರತ್ನ. ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾರೆ, ಅದಕ್ಕೆ ಸಂದಿಯಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಮುನಿಸು ಮೂಗಿನ ತುದಿಯಲ್ಲಿ, ಪ್ರೀತಿ ಎಲ್ಲಿಟ್ಟಿದ್ದಾರೋ ಅವರಿಗೇ ಗೊತ್ತಿಲ್ಲ. ಬೇಗ ಮಾಡಪ್ಪ.)


ಕಳಕ್ಕೂಟಂ
1 ಜುಲೈ 2006

ಜಯಣ್ಣ ಸರ್‌ಗೆ,

ಈ ಪೆಟ್ಟಿಗೆಯಲ್ಲಿ ನೂರಿಪ್ಪತ್ತೆಂಟರ ಎರಡು ರ‍್ಯಾಮ್, ಒಂದು ಲ್ಯಾನ್ ಕಾರ್ಡ್, ಎಕ್ಸ್‌ಪಿ ಸಿಡಿ ಇವೆ. ರ‍್ಯಾಮ್‌ಗಳನ್ನು ಬೆಳ್ಳಿ ಬಣ್ಣದ ಚೀಲದಿಂದ ಹಾಕುವ ಕ್ಷಣದವರೆಗೂ ತೆಗೆಯಬೇಡಿ.

ಪರ್ಮಿಟ್ ಎಂದರೆ ಹೇಗಿರುತ್ತದೋ ನಾನು ನೋಡಿಲ್ಲ, ತಿಳಿದ ಹಾಗೆ ಬರೆಯುತ್ತೇನೆ. ಮೊದಲು ಗೋಡೆಯ ಪ್ಲಗ್ ಕಿತ್ತುಬಿಡಿ, ಬರೀ ಸ್ವಿಚ್ ಆರಿಸಿದರೆ ಸಾಲದು. ಕಿತ್ತ ಮೇಲೂ ಪವರ್ ಬಟನ್ ಒಮ್ಮೆ ಒತ್ತಿ, ಒಳಗೆ ಉಳಿದ ಕರೆಂಟು ಹೋಗುತ್ತದೆ. ಬಲಗೈಯಿಂದ ಕಬ್ಬಿಣದ ಕಿಟಕಿ ಸರಳನ್ನು ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಮೈಯಲ್ಲಿರುವ ಕರೆಂಟು ರ‍್ಯಾಮ್‌ಗೆ ಆಗುವುದಿಲ್ಲ. ರತ್ನ ಅಮ್ಮನವರು ರೇಷ್ಮೆ ಸೀರೆ ಉಟ್ಟಿದ್ದರೆ ಸ್ವಲ್ಪ ದೂರ ನಿಲ್ಲಲಿ.

ಹಳೆಯ ರ‍್ಯಾಮಿನ ಎರಡು ತುದಿಯಲ್ಲಿ ಬಿಳಿ ಕೊಂಡಿಗಳಿವೆ. ಅವನ್ನು ಹೊರಗೆ ಒತ್ತಿದರೆ ತಾನಾಗಿ ಮೇಲೆ ಬರುತ್ತದೆ. ಹೊಸದನ್ನು ಕಚ್ಚು ನೋಡಿ ಕೂರಿಸಿ ಎರಡು ಹೆಬ್ಬೆರಳಿನಿಂದ ಒತ್ತಿ. ಕೊಂಡಿ "ಟಕ್" ಎನ್ನಬೇಕು. ಎನ್ನುವವರೆಗೂ ಒತ್ತಿ, ಭಯ ಬೇಡ. ಲ್ಯಾನ್ ಕಾರ್ಡ್ ಕೆಳಗಿನ ಬಿಳಿ ಸ್ಲಾಟಿಗೆ. ಫ್ಯಾನಿನ ಮೇಲೆ ಧೂಳಿದ್ದರೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಇಷ್ಟೇ ಕೆಲಸ, ಇದಕ್ಕಿಂತ ಹೆಚ್ಚಿಲ್ಲ. ಎಕ್ಸ್‌ಪಿ ಹಾಕುವ ವಿವರ ಹಿಂದಿನ ಪುಟದಲ್ಲಿದೆ, ಪರದೆಯ ಮೇಲೆ ಅದು ಏನು ಕೇಳಿದರೂ ನಾನು ಬರೆದ ಉತ್ತರವನ್ನೇ ಕೊಡಿ.

ಕೆಳಗೆ ನನ್ನ ಸಹಿ ಇದೆ. ಪಕ್ಕದಲ್ಲಿ ನಿಮ್ಮದಕ್ಕೆ ಜಾಗ ಬಿಟ್ಟಿದ್ದೇನೆ.

ನೀವು ಬರೆದ ಕ್ಯಾಂಟೀನಿನ ಮಾತನ್ನು ತನ್ವಿ ಓದಿದಳು. ಈಶ್ವರ ಅವರ ವಿಷಯ ಅವಳಿಗೆ ಗೊತ್ತಿರಲಿಲ್ಲ. "ಅಪ್ಪ ಯಾಕೆ ಇದನ್ನ ನಂಗೆ ಹೇಳ್ಲಿಲ್ಲ?" ಎಂದು ನನ್ನನ್ನು ಕೇಳಿದಳು. ನಾನೇನು ಹೇಳಲಿ ಸರ್? ನೀವಿಬ್ಬರೂ ಒಬ್ಬರನ್ನೊಬ್ಬರು ಕೇಳಬೇಕಾದದ್ದನ್ನೆಲ್ಲ ನನ್ನನ್ನೇ ಕೇಳುತ್ತೀರಿ.

ಇರ್ಫಾನ್


ಅಂಬಲಮುಗಳ್
10 ಜುಲೈ 2006

ಇರ್ಫಾನ್‌ಗೆ,

ಕೆಲಸ ಮುಗಿಯಿತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು, ಹನ್ನೆರಡೂವರೆಗೆ ಮುಕ್ತಾಯ. ರತ್ನ ನೂಲಿನ ಸೀರೆ ಉಟ್ಟು ಬಾಗಿಲ ಬಳಿ ನಿಂತು, "ಜೋಪಾನ, ಜೋಪಾನ" ಎನ್ನುತ್ತಲೇ ಇದ್ದಳು. ಪ್ಲಾಂಟಿನಲ್ಲಿ ಗ್ಯಾಸ್ ಲೀಕ್ ಆದ ಕಡೆ ನಾನು ಮುಖವಾಡ ಹಾಕಿಕೊಂಡು ಹೋದಾಗಲೂ ಅವಳು ಇಷ್ಟು ಹೆದರಿರಲಿಲ್ಲ.

ರ‍್ಯಾಮ್ "ಟಕ್" ಎಂದಿತು. ಎರಡು ಸಲ. ಪರದೆಯ ಮೇಲೆ ಇನ್ನೂರೈವತ್ತಾರು ಎಂದು ಬಂದಾಗ ನಾನು ರತ್ನಳನ್ನು ಕೂಗಿ ಕರೆದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಕೈ ಮುಗಿದಳು. ಒಳಗೆ ಏಳು ವರ್ಷದ ಕೊಳೆ ಇತ್ತು. ಎಲ್ಲವನ್ನೂ ಶುಚಿ ಮಾಡಿದ್ದೇನೆ. ಆ ಪೆಟ್ಟಿಗೆಯೊಳಗೆ ಈಗ ಮುಖ ನೋಡಿಕೊಳ್ಳಬಹುದು.

ನಿಮ್ಮ ಬರವಣಿಗೆ ಚೆನ್ನಾಗಿದೆ. ನಮ್ಮ ಹೊಸ ಇಂಜಿನಿಯರುಗಳು ಬರೆಯುವ ಪರ್ಮಿಟ್ಟಿಗಿಂತ ಮೇಲು. ಸಹಿ ಹಾಕಿ ನಕಲು ಕಳಿಸಿದ್ದೇನೆ. ಹಳೆಯ ರ‍್ಯಾಮ್ ಈ ಡಬ್ಬಿಯಲ್ಲಿದೆ. ಅಲ್ಲಾಡದಿರಲಿ ಎಂದು ಸುತ್ತಲೂ ಕೋಡುಬಳೆ ತುಂಬಿದ್ದಾಳೆ ರತ್ನ. ಒಂದಕ್ಕೊಂದು ತಾಗದ ಹಾಗೆ ಪ್ಲಾಸ್ಟಿಕ್ ಸುತ್ತಿದ್ದೇನೆ. ಖಾರ ಕಡಿಮೆ ಹಾಕು, ಮಗಳಿಗೆ ಎದೆಯುರಿ ಬರುತ್ತದೆ ಎಂದು ಹೇಳಿದೆ.

"ಸರ್" ಎನ್ನಬೇಡಿ. ಡ್ಯೂಟಿಯಲ್ಲಿದ್ದ ಹಾಗಾಗುತ್ತದೆ.

ಜಯಣ್ಣ


ಕಳಕ್ಕೂಟಂ
17 ಜುಲೈ 2006

ಮಾವನವರಿಗೆ,

ಸರ್ ಬೇಡವೆಂದಿರಿ. ಇನ್ನೇನೆಂದು ಕರೆಯಬೇಕು ಎಂದು ಬರೆಯಲಿಲ್ಲ. ಬೇಡ ಎಂದಿಲ್ಲವಲ್ಲ ಎಂದು ಇದನ್ನು ಬರೆದೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ.

ರ‍್ಯಾಮ್ ತಲುಪಿತು. ಕೋಡುಬಳೆ ತಲುಪಿದ್ದಕ್ಕೆ ಸಾಕ್ಷಿ ಉಳಿದಿಲ್ಲ. ತನ್ವಿ ಒಂದನ್ನು ಬಾಯಿಗಿಟ್ಟು, "ಖಾರ ಕಮ್ಮಿ ಹಾಕಿದಾರೆ. ಅಪ್ಪ ಹೇಳಿರ್ತಾರೆ" ಎಂದಳು. ನಾನು ಅವಳಿಗೆ ನಿಮ್ಮ ಪತ್ರ ಇನ್ನೂ ತೋರಿಸಿರಲಿಲ್ಲ.

ಬರುವ ಭಾನುವಾರ, 23ರಂದು, ಬೆಳಿಗ್ಗೆ ಹನ್ನೊಂದಕ್ಕೆ. ಏನು ಒತ್ತಬೇಕೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನೀವು ನಮಗೆ ಕಾಣುವುದಿಲ್ಲ, ಕೇಳಿಸುವುದಿಲ್ಲ. ಅತ್ತೆಯವರು ಕೂತಿದ್ದಾರೋ, ನೀವು ಕೂತಿದ್ದೀರೋ ನಮಗೆ ತಿಳಿಯುವ ದಾರಿಯಿಲ್ಲ. ತನ್ವಿಗೆ ಅದರ ಬಗ್ಗೆ ಬೇಸರವಿಲ್ಲವೇ ಎಂದು ಕೇಳಿದೆ. "ನೋಡ್ಲಿ ಬಿಡು. ನೋಡೋಕಾದ್ರೂ ಮನಸು ಬಂತಲ್ಲ" ಎಂದಳು. ಶನಿವಾರ ಬ್ಯೂಟಿ ಪಾರ್ಲರಿಗೆ ಹೋಗಬೇಕಂತೆ. ಅಪ್ಪ ಅಮ್ಮನಿಗೆ ಮುಖ ತೋರಿಸಲು ಪಾರ್ಲರ್ ಯಾಕೆ ಎಂದು ಕೇಳಿ ಬೈಸಿಕೊಂಡೆ.

ಇರ್ಫಾನ್


ಕಳಕ್ಕೂಟಂ
24 ಜುಲೈ 2006

ಮಾನ್ಯರೆ,

ನಿನ್ನೆಯ ವಿಷಯ.

ತನ್ವಿ ಹತ್ತೂವರೆಗೇ ಕೂತಿದ್ದಳು. ಮದುವೆಗೆ ಉಡಬೇಕೆಂದು ತಂದು ಉಡದೇ ಇಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಹನ್ನೊಂದಕ್ಕೆ ನೀವು ಬಂದಿರಿ, ಅಂದರೆ ನಿಮ್ಮ ಹೆಸರಿನ ಪಕ್ಕ ಹಸಿರು ಚುಕ್ಕೆ ಬಂತು. ಅವಳು ಅಮ್ಮನ ಜೊತೆ ಮಾತಾಡಿದಳು. ಮನೆ ತೋರಿಸಿದಳು, ಬಾಲ್ಕನಿಯ ಕರಿಬೇವಿನ ಕುಂಡ ತೋರಿಸಿದಳು. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರೂ ನಡುನಡುವೆ ನಿಲ್ಲಿಸಿ ಕಾಯುತ್ತಿದ್ದಳು. ಆಮೇಲೆ, "ಅಮ್ಮಾ, ಅಪ್ಪ ಇದಾರಾ ಅಲ್ಲಿ?" ಎಂದು ಕೇಳಿದಳು. ಮೂರು ಸಲ ಕೇಳಿದಳು. ಮೂರನೆಯ ಸಲಕ್ಕೆ ನಿಮ್ಮ ಸಂಪರ್ಕ ಕಡಿದುಹೋಯಿತು.

ಒಂದು ಗಂಟೆಯವರೆಗೂ ಕೂತೇ ಇದ್ದಳು. ಹಸಿರು ಚುಕ್ಕೆ ಮತ್ತೆ ಬರಲಿಲ್ಲ.

ಅತ್ತೆಯವರು ಸಂಜೆ ಫೋನ್ ಮಾಡಿ, ಯಂತ್ರ ನಿಂತುಹೋಯಿತು ಎಂದರು. ತನ್ವಿ ನಂಬಲಿಲ್ಲ. "ನಂಗೆ ಮಾರ್ಕ್ಸ್ ಕಮ್ಮಿ ಬಂದು ಅಪ್ಪ ಊಟ ಬಿಟ್ಟಾಗ್ಲೂ ಅಮ್ಮ ಹೊಟ್ಟೆನೋವು ಅಂದಿದ್ರು. ಸಾಕಪ್ಪ, ಸಾಕು. ಇನ್ನು ಆ ಕ್ಯಾಮರಾ ಮುಂದೆ ಕೂರಲ್ಲ" ಎಂದಳು. ನಾನು ನಿಮ್ಮ ಪರ ಮಾತಾಡಲು ಹೋದೆ. ಅಷ್ಟರಲ್ಲಿ ಅವಳು ಕ್ಯಾಮರಾದ ವೈರ್ ಕಿತ್ತಿಟ್ಟಳು.

ಇರ್ಫಾನ್


ಅಂಬಲಮುಗಳ್
31 ಜುಲೈ 2006

ಇರ್ಫಾನ್ ಅವರಿಗೆ,

ಯಂತ್ರವೇ ನಿಂತದ್ದು. ನಾನು ಸ್ವಿಚ್ ಮುಟ್ಟಿಲ್ಲ. ಈಗಲೂ ಸ್ವಿಚ್ ಹಾಕಿದ ಎಂಟು ಹತ್ತು ನಿಮಿಷಕ್ಕೆ ಪರದೆ ಹಾಗೆಯೇ ಕಲ್ಲಾಗುತ್ತದೆ. ಹಳೆಯ ರ‍್ಯಾಮ್ ಇದ್ದಾಗ ನಿಧಾನವಿತ್ತು, ಹೀಗೆ ನಿಲ್ಲುತ್ತಿರಲಿಲ್ಲ. ದೋಷ ಎಲ್ಲಿದೆಯೋ ಹೇಳಲಾರೆ. ಭಾಗಗಳು ನೀವು ಕಳಿಸಿದವು.

ಎಂ. ಜಯಣ್ಣ


ಕಳಕ್ಕೂಟಂ
14 ಆಗಸ್ಟ್ 2006

ಮಾವನವರಿಗೆ,

ಎರಡು ವಾರ ಬರೆಯಲಿಲ್ಲ. ಸಿಟ್ಟಿಗಲ್ಲ, ನಾಚಿಕೆಗೆ.

ನಿಮಗೆ ಕಳಿಸಿದ ರ‍್ಯಾಮ್ ಹೊಸದಲ್ಲ. ನಿಮ್ಮ ಬೋರ್ಡಿಗೆ ಹೊಂದುವ ಹಳೆಯ ಜಾತಿಯ ರ‍್ಯಾಮ್ ಈಗ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿ ಗುಜರಿ ಕಂಪ್ಯೂಟರ್ ಬಿಚ್ಚಿ ಮಾರುವ ಇಸ್ಮಾಯಿಲ್ ಎಂಬವರ ಹತ್ತಿರ ತೆಗೆದುಕೊಂಡೆ. ಆಫೀಸಿನ ಯಂತ್ರದಲ್ಲಿ ಎರಡು ದಿನ ಪರೀಕ್ಷೆ ಮಾಡಿದ್ದೆ, ಸರಿಯಿತ್ತು. ಆದರೂ ಹಳೆಯದು ಹಳೆಯದೇ. ನಿಮಗೆ ಹೇಳಬೇಕಿತ್ತು. ಮೊದಲ ಸಲ ನೀವು ಕೇಳಿದ ಕೆಲಸ, ಸೆಕೆಂಡ್ ಹ್ಯಾಂಡ್ ಎಂದರೆ ಬೇಡ ಎಂದುಬಿಡುತ್ತೀರೇನೋ ಎಂದು ಹೆದರಿ ಬೆಳ್ಳಿ ಚೀಲದಲ್ಲಿ ಹಾಕಿ ಹೊಸದರ ಹಾಗೆ ಕಳಿಸಿದೆ.

ತನ್ವಿಗೂ ಹೇಳಿದೆ. ಆ ದಿನ ಯಂತ್ರ ನಿಂತದ್ದು ನನ್ನಿಂದ, ನಿಮ್ಮಪ್ಪನ ತಪ್ಪಿಲ್ಲ ಎಂದೆ. ಅವಳು ನನ್ನನ್ನು ಬೈದಳು. ನಿಮ್ಮನ್ನು ನಂಬಿದ ಹಾಗೆ ಕಾಣಲಿಲ್ಲ, ಇಬ್ಬರನ್ನೂ ನಂಬುವುದನ್ನು ಒಟ್ಟಿಗೆ ಬಿಟ್ಟಳು ಅಷ್ಟೆ. "ಕುಣಿಯಲಾರದವಳಿಗೆ ನೆಲ ಡೊಂಕು. ಒಬ್ರು ಮಷೀನ್ ಅಂತಾರೆ, ಒಬ್ರು ರ‍್ಯಾಮ್ ಅಂತಾರೆ" ಎಂದಳು. ಮೂರು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಅದು ನನಗೆ ಸಲ್ಲಬೇಕಾದ್ದೇ.

ನಿಮ್ಮ ಮುಖ ನಾನು ಕಂಡಿಲ್ಲ. ಆದರೆ ನಿಮ್ಮ ಕಾಗದಗಳನ್ನು ಓದಿ ಓದಿ, ನಮ್ಮ ಮನೆಗೆ ಒಬ್ಬ ಹಿರಿಯರು ಬಂದು ಹೋಗುತ್ತಿದ್ದಾರೆ ಎನ್ನಿಸಲು ಶುರುವಾಗಿತ್ತು. ಕ್ಷಮಿಸಿ. ಬೇರೆ ರ‍್ಯಾಮ್ ಹುಡುಕುತ್ತಿದ್ದೇನೆ.

ಇರ್ಫಾನ್


ಅಂಬಲಮುಗಳ್
21 ಆಗಸ್ಟ್ 2006

ಚಿ. ಇರ್ಫಾನನಿಗೆ,

ರ‍್ಯಾಮ್ ಹುಡುಕಬೇಡ. ನಿನ್ನ ರ‍್ಯಾಮ್ ಚೆನ್ನಾಗಿದೆ. ತಪ್ಪು ಮಾಡಿದವನು ನಾನು.

ಜುಲೈ 9ರ ದಿನ ರ‍್ಯಾಮ್ ಹಾಕಿ, ಫ್ಯಾನಿನ ಧೂಳು ಉಜ್ಜಿ, ಎಕ್ಸ್‌ಪಿಯನ್ನೂ ಹಾಕಿದೆ. ನೀನು ಬರೆದ ಕೆಲಸ ಅಲ್ಲಿಗೆ ಮುಗಿದಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ಮತ್ತೆ ಪ್ಲಗ್ ಕಿತ್ತು ಮುಚ್ಚಳ ತೆಗೆದೆ. ಫ್ಯಾನಿನ ಕೆಳಗಿರುವ ಅಲ್ಯೂಮಿನಿಯಂ ಗಟ್ಟಿಯನ್ನು ಪ್ರೊಸೆಸರಿನ ಮೇಲಿಂದ ಎತ್ತಿದೆ. ಅಡಿಯಲ್ಲಿ ಒಣಗಿದ ಬಿಳಿ ಪೇಸ್ಟು ಮೆತ್ತಿಕೊಂಡಿತ್ತು. ಯಾವನೋ ಸೋಮಾರಿ ಒರೆಸದೆ ಬಿಟ್ಟಿದ್ದಾನೆ ಅಂದುಕೊಂಡೆ. ನಮ್ಮ ವರ್ಕ್‌ಶಾಪಿನಲ್ಲಿ ಎರಡು ಲೋಹ ಸೇರುವ ಜಾಗ ಕನ್ನಡಿಯಂತಿರಬೇಕು, ಒಂದು ಚೂರು ಕಲೆ ಇದ್ದರೂ ನಾನು ವಾಪಸ್ ಕಳಿಸುತ್ತೇನೆ. ಚಾಕುವಿನಿಂದ ಕೆರೆದೆ. ದೇವರ ಮನೆಯ ದೀಪ ಬೆಳಗುವ ಪಾಲಿಶ್ ಹಾಕಿ ಉಜ್ಜಿದೆ. ಫಳಫಳ ಹೊಳೆಯಿತು. ಅದನ್ನು ವಾಪಸ್ ಕೂರಿಸಿ, ನಿನಗೆ "ಮುಖ ನೋಡಿಕೊಳ್ಳಬಹುದು" ಎಂದು ಬರೆದೆ.

ಆ ಭಾನುವಾರ ಸಂಜೆ ಯಂತ್ರ ಆರಿಸಿದ ಕೂಡಲೇ ಮುಚ್ಚಳ ತೆಗೆದು ಬೆರಳಿಟ್ಟೆ. ಪ್ರೊಸೆಸರಿನ ಅಂಚಿಗೆ ಬೆರಳು ಸುಟ್ಟಿತು, ಮೇಲಿನ ಗಟ್ಟಿ ಉಗುರುಬೆಚ್ಚಗಿತ್ತು. ಆಗಲೇ ತಿಳಿಯಿತು. ಬಿಸಿಯನ್ನು ಪ್ರೊಸೆಸರಿನಿಂದ ಗಟ್ಟಿಗೆ ದಾಟಿಸುವುದೇ ಆ ಪೇಸ್ಟು. ನಮ್ಮ ಲ್ಯಾಬಿನಲ್ಲಿ ಟ್ರಾನ್ಸಿಸ್ಟರ್ ಕೆಳಗೆ ಹಚ್ಚುತ್ತಾರೆ, ನಾನೇ ನೂರು ಸಲ ನೋಡಿದ್ದೇನೆ. ಲ್ಯಾಬಿಗೆ ಹೋಗಿ ಕೇಳಿದರೆ ಒಂದು ಚೂರು ಕೊಡುತ್ತಾರೆ. ಯಾಕೆ ಎಂದು ಕೇಳುತ್ತಾರೆ. ಅಲ್ಲಿರುವವರಿಗೆಲ್ಲ ಕೆಲಸ ಕಲಿಸಿದವನು ನಾನು, ಅದಕ್ಕೆ ಹೋಗಲಿಲ್ಲ.

ಪರ್ಮಿಟ್ಟಿನಲ್ಲಿ ಇಲ್ಲದ ಕೆಲಸ ಮಾಡಿದ್ದಕ್ಕೆ ನಾನು ಹಿಂದೆ ಇಬ್ಬರನ್ನು ಗೇಟಿನಿಂದ ಮನೆಗೆ ಕಳಿಸಿದ್ದೇನೆ. ಜುಲೈ 31ರಂದು "ದೋಷ ಎಲ್ಲಿದೆಯೋ ಹೇಳಲಾರೆ, ಭಾಗಗಳು ನೀವು ಕಳಿಸಿದವು" ಎಂದು ಬರೆಯುವಾಗ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಾನು ಮಾಡಿದ್ದನ್ನು ನೀನು ಉಂಡೆ. ನೀನು ಮಾಡದ ತಪ್ಪಿಗೆ ಕ್ಷಮೆ ಕೇಳಿ ಬರೆದ ಕಾಗದ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ರತ್ನ ಹೊಟ್ಟೆನೋವಾ ಎಂದು ಕೇಳಿದಳು. ಅಲ್ಲ, ನಾಚಿಕೆ ಎಂದೆ.

ಆ ದಿನ ಏನಾಯಿತು ಎಂದು ತನ್ವಿಗೆ ಹೇಳು. ರತ್ನ ಕುರ್ಚಿಯಲ್ಲಿ ಕೂತಿದ್ದಳು. ನಾನು ಅವಳ ಹಿಂದೆ ನಿಂತಿದ್ದೆ. ಕರಿಬೇವಿನ ಕುಂಡದವರೆಗೂ ಎಲ್ಲ ನೋಡಿದೆ. ಹುಡುಗಿ ಇಳಿದುಹೋಗಿದ್ದಾಳೆ. ಹಸಿರು ಅವಳಿಗೆ ಒಪ್ಪುತ್ತದೆ. "ಅಪ್ಪ ಇದಾರಾ" ಎಂದು ಅವಳು ಕೇಳಿದಾಗ ನಾನು "ಇದೀನಮ್ಮ" ಎಂದೆ. ಎರಡನೆಯ ಸಲಕ್ಕೆ ಇನ್ನೂ ಜೋರಾಗಿ, "ಇಲ್ಲೇ ಇದೀನಿ ಕಣಮ್ಮಾ" ಎಂದು ಕೂಗಿದೆ. ಪಕ್ಕದ ಕ್ವಾರ್ಟರ್ಸಿನ ಗ್ರೇಸಿ ಚೇಚಿ ಏನಾಯಿತೋ ಎಂದು ಓಡಿಬಂದರು. ಮೈಕ್ ಬೇಡ, ಬೆರಳಿನಷ್ಟಿದ್ದರೂ ಬೇಡ ಎಂದು ಬರೆದವನು ನಾನೇ. ಮೂರನೆಯ ಸಲ ಅವಳ ಬಾಯಿ ಅರ್ಧ ತೆರೆದ ಹಾಗೆಯೇ ಪರದೆ ನಿಂತುಬಿಟ್ಟಿತು. ರತ್ನ ಅದನ್ನು ಆರಿಸಲು ಬಿಡಲಿಲ್ಲ. ಸಂಜೆಯವರೆಗೂ ಮಗಳ ಮುಖ ಅಲ್ಲಾಡದೆ ಅಲ್ಲೇ ಇತ್ತು, ನಾವಿಬ್ಬರೂ ಅದರ ಮುಂದೆ ಕೂತಿದ್ದೆವು.

ಅವಳು ನನ್ನನ್ನು ಕೇಳಲಿಲ್ಲ ಎಂದು ನನಗೆ ಮುನಿಸು. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬೇಡ ಅಂದಿದ್ದರೆ ನಿನ್ನನ್ನು ಕಳೆದುಕೊಳ್ಳುತ್ತಿದ್ದೆ. ಇಷ್ಟು ಲೆಕ್ಕ ಹಾಕಲು ನನಗೆ ಒಂದು ವರ್ಷ ಬೇಕಾಯಿತು.

ಆ ಪೇಸ್ಟು ಒಂದು ಟ್ಯೂಬ್ ಕಳಿಸು. ಜೊತೆಗೆ ಮೈಕ್ ಕಳಿಸು. ಅವಳು ಮತ್ತೆ ಕ್ಯಾಮರಾ ಮುಂದೆ ಕೂರುತ್ತಾಳೋ ಇಲ್ಲವೋ ಕೇಳಿ ತಿಳಿಸು. ಕೂರುವುದಿಲ್ಲ ಎಂದರೆ ಒತ್ತಾಯ ಮಾಡಬೇಡ.

ನಿನ್ನ ಮಾವ,
ಜಯಣ್ಣ


ಕಳಕ್ಕೂಟಂ
ಶನಿವಾರ, 26 ಆಗಸ್ಟ್ 2006

ಮಾವ,

ನಿಮ್ಮ ಕಾಗದ ನಿನ್ನೆ ಬಂತು. ನಾನು ಓದಿ ತನ್ವಿಗೆ ಕೊಟ್ಟೆ. ದೇವರ ದೀಪದ ಪಾಲಿಶ್ ಹಾಕಿ ಉಜ್ಜಿದ ಜಾಗಕ್ಕೆ ಬಂದಾಗ ನಗಲು ಶುರುಮಾಡಿದಳು. ನಕ್ಕು ನಕ್ಕು ಸೋಫಾದಿಂದ ಕೆಳಗೆ ಜಾರಿದಳು. ಮುಂದಿನ ಪುಟಕ್ಕೆ ಹೋದಾಗ ನಗು ನಿಂತಿತು. "ಇದೀನಮ್ಮ ಅಂದ್ರಂತೆ" ಎಂದಳು. ಹೌದು ಎಂದೆ. "ಕೂಗಿದ್ರಂತೆ, ಗ್ರೇಸಿ ಚೇಚಿ ಓಡಿ ಬಂದ್ರಂತೆ" ಎಂದಳು. ಹೌದು ಎಂದೆ. ಆಮೇಲೆ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು ಮಾವ. ಮದುವೆಯಾದ ಮೇಲೆ ಅವಳು ಅತ್ತದ್ದು ನಾನು ಇದೇ ಮೊದಲು ನೋಡಿದ್ದು. ಈರುಳ್ಳಿ ಹೆಚ್ಚಲು ಹೋಗಲಿಲ್ಲ.

ಇವತ್ತು ಪೇಸ್ಟಿನ ಟ್ಯೂಬು ತಂದು ಕೊರಿಯರ್‌ಗೆಂದು ಸುತ್ತಿಟ್ಟೆ. ಮೈಕ್ ಎಲ್ಲಿ ಹಾಕಲಿ ಎಂದು ಕೇಳಲು ಒಳಗೆ ಹೋದರೆ ಅವಳು ಬಟ್ಟೆಯ ಬ್ಯಾಗು ತುಂಬುತ್ತಿದ್ದಳು. ಕ್ಯಾಮರಾ ಮುಂದೆ ಕೂರುತ್ತೀಯಾ ಎಂದು ನಿಮ್ಮ ಪರವಾಗಿ ಕೇಳಿದೆ. "ಕೂರಲ್ಲ ಅಂತ ಅವತ್ತೇ ಹೇಳಿದೀನಿ" ಎಂದಳು. ಸುತ್ತಿಟ್ಟ ಪೊಟ್ಟಣವನ್ನು ನನ್ನ ಕೈಯಿಂದ ಕಿತ್ತುಕೊಂಡು ಬ್ಯಾಗಿಗೆ ಹಾಕಿದಳು. ನಾಳೆ ಬೆಳಗಿನ ರೈಲು. ನಾನೂ ಬರಲೇ ಎಂದೆ. "ಮುಂದಿನ ಭಾನುವಾರ ಬಾ. ಮೊದ್ಲು ನಾನು ಹೋಗಿ ಬೈಸಿಕೊಂಡು, ಬೈದು ಮುಗಿಸ್ತೀನಿ" ಎಂದಳು. ಮುಂದಿನ ಭಾನುವಾರ ಬರುತ್ತೇನೆ, ನೀವು ಬೇಡ ಎಂದು ಬರೆಯದಿದ್ದರೆ.

ಪೇಸ್ಟು ಅಕ್ಕಿಕಾಳಿನಷ್ಟು ಸಾಕು, ನಡುವೆ ಇಟ್ಟು ಮೇಲಿಂದ ಗಟ್ಟಿಯನ್ನು ಒತ್ತಿದರೆ ತಾನೇ ಹರಡುತ್ತದೆ. ಅವಳಿಗೆ ತೋರಿಸಿಕೊಟ್ಟಿದ್ದೇನೆ, ಇಬ್ಬರೂ ಸೇರಿ ಹಚ್ಚಿ. ಹಚ್ಚುವ ಮೊದಲು ಯಾವುದನ್ನೂ ಉಜ್ಜಬೇಡಿ ಎಂದು ಈ ಸಲ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ಈ ಕಾಗದವನ್ನು ಅವಳೇ ತಂದು ನಿಮ್ಮ ಕೈಗೆ ಕೊಡುತ್ತಾಳೆ. ನಿಮ್ಮ ಅಭ್ಯಾಸ ಅವಳು ಹೇಳಿದ್ದಾಳೆ. ಬರೆದದ್ದೇನಾದರೂ ಕೈಗೆ ಬಂದರೆ ನಿಂತಲ್ಲೇ ನಿಂತು ಕೊನೆಯ ಅಕ್ಷರದವರೆಗೂ ಓದುತ್ತೀರಂತೆ. ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ ಮಾವ. ಒಳಗೆ ಕರೆಯಿರಿ.

ಇರ್ಫಾನ್